ಹೆಡ್ಮೇಷ್ಟ್ರ ಸೀನು

ಅವಳ ಹೊಲಿಗೆ ಮಿಷನ್ನನ್ನು ಮುಂದಿನ ಕೋಣೆಯಿಂದ ಎತ್ತಿ ಮಹಡಿಗೆ ಸಾಗಿಸಿದ ದಿನ ಮನೆಯಲ್ಲಿ ಮೂವರು ಗಿರಾಕಿಗಳಿದ್ದರು. ಅವಳಿಗೆ ನುಂಗಲಾರದ ತುತ್ತಾದದ್ದು ಅದೇ. ಮಿಷನ್ ಹೋದದ್ದಕ್ಕಿಂತ, ನೋಡುವವರ ಎದುರು ಹೋದದ್ದು.

ಅವಳನ್ನು ಮನೆಯವರೂ ಬೀದಿಯವರೂ ಕರೆಯುತ್ತಿದ್ದದ್ದು ಸೂಜಿ ಎಂದು. ಹೊಲಿಗೆಯವಳು ಅನ್ನುವುದು ಒಂದು ಕಾರಣ, ನಾಲಿಗೆ ಇನ್ನೊಂದು. ಆ ಮನೆಗೆ ಕಿರಿಯ ಸೊಸೆಯಾಗಿ ಬಂದು ಹದಿನಾರು ವರ್ಷವಾಗಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವಿಡೀ ಇಂಜಿನ್ ಸದ್ದು ಕೇಳಿಯೋ ಏನೋ, ಮನೆಗೆ ಬಂದರೆ ಯಾರ ಮಾತೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಗಂಡನ ಅಣ್ಣ, ಅಂದರೆ ಅವಳ ಭಾವ, ಹೈಸ್ಕೂಲಿನ ಹೆಡ್ಮೇಷ್ಟ್ರು. ಕಟ್ಟಿಕೊಂಡ ಹೆಂಡತಿಯೂ ಅವರನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದಳು ಅಂದಮೇಲೆ ಉಳಿದವರ ಮಾತೇನು. ಆ ಹೆಂಡತಿ ಸೂಜಿಗೆ ಓರಗಿತ್ತಿ. ಸೂಜಿ ಅವಳನ್ನು ಬಾಯಿತುಂಬ ಅಕ್ಕ ಅನ್ನುತ್ತಿದ್ದಳು. ಅಕ್ಕನ ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರು ಸೇರಿದ್ದಳು. ಸೂಜಿಗೆ ಮಕ್ಕಳಿರಲಿಲ್ಲ. ಹಾಗಾಗಿ ಮನೆಯಲ್ಲಿ ನಾಲ್ಕೇ ಜನ.

ಹೆಡ್ಮೇಷ್ಟ್ರಿಗೆ ಸೀನಿನ ಕಾಟ. ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ಟರೆ ಶುರು. ಕಣ್ಣು ಕೆಂಪು, ಮೂಗು ನಲ್ಲಿ, ಗಂಟಲಲ್ಲಿ ತುರಿಕೆ. ಹತ್ತು ಗಂಟೆ ಹೊತ್ತಿಗೆ ಇಳಿಯುತ್ತಿತ್ತು. ಸ್ಕೂಲಿಗೆ ಹೋದರೆ ಆರಾಮು. ಒಂದು ದಿನ ಮಾತ್ರ ಅದು ಸ್ಕೂಲಿಗೂ ಹಿಂಬಾಲಿಸಿತು. ತಪಾಸಣೆಗೆ ಬಂದಿದ್ದ ದೊಡ್ಡ ಅಧಿಕಾರಿಯ ಎದುರು ಸ್ವಾಗತ ಭಾಷಣಕ್ಕೆ ನಿಂತವರು ‘ಮಾನ್ಯರೇ’ ಅನ್ನುವಷ್ಟರಲ್ಲಿ ಸೀನತೊಡಗಿದರು. ಹಿಂದಿನ ಸಾಲಿನ ಹುಡುಗರು ಎಣಿಸತೊಡಗಿದರು. ಹದಿನಾಲ್ಕಕ್ಕೆ ನಿಂತಾಗ ಇಡೀ ಹಾಲ್ ಚಪ್ಪಾಳೆ ತಟ್ಟಿತಂತೆ. ಅಧಿಕಾರಿಯೂ ತಟ್ಟಿದನಂತೆ.

ಆ ಸಿಟ್ಟು ಎಲ್ಲಿಗಾದರೂ ಇಳಿಯಬೇಕಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮನೆಗೆ ಬಂದವರೇ ಸೀದಾ ಮುಂದಿನ ಕೋಣೆಗೆ ನುಗ್ಗಿದರು. ಸೂಜಿ ಯೂನಿಫಾರಂ ಬಟ್ಟೆ ಕತ್ತರಿಸುತ್ತಿದ್ದಳು. ಮೂವರು ಹೆಂಗಸರು ಅಳತೆ ಕೊಡಲು ಕೂತಿದ್ದರು.

“ಇದೇನು ಮನೆಯೋ ಹತ್ತಿ ಮಿಲ್ಲೋ?” ಎಂದರು. ಬಗ್ಗಿ, ನೆಲದ ಮೇಲಿದ್ದ ದಾರದ ಚೂರು, ಬಟ್ಟೆಯ ಜುಂಗು ಎಲ್ಲವನ್ನೂ ಬಳಿದು ಅವಳ ಅಂಗೈಗೆ ಸುರಿದರು. “ನನ್ನ ಮೂಗಿಗೆ ಹಾಕ್ತಿದ್ದೀಯಲ್ಲ ಇದನ್ನ? ತಗೋ, ನೀನೂ ಒಂದಿಷ್ಟು ಉಸಿರಾಡು.”

ಒಬ್ಬ ಹೆಂಗಸು ನಕ್ಕುಬಿಟ್ಟಳು. ಹೆದರಿ ನಕ್ಕಳೋ ಮಜಾ ಬಂದು ನಕ್ಕಳೋ, ಸೂಜಿಗೆ ಆ ನಗು ಮರೆಯಲಿಲ್ಲ.

“ಭಾವ, ನೀವು ಸೀನೋದು ಬೆಳಿಗ್ಗೆ. ನಾನು ಮಿಷನ್ ತುಳಿಯೋದು ಮಧ್ಯಾಹ್ನ,” ಎಂದಳು.

“ಎದುರು ಮಾತಾಡ್ಬೇಡ. ನಾನು ವಿಜ್ಞಾನ ಓದಿದವನು.”

ಸಂಜೆಯೊಳಗೆ ಮಿಷನ್ ಮಹಡಿಯ ಮೇಲಿನ ತಗಡಿನ ಕೋಣೆ ಸೇರಿತು. ಹೊತ್ತವನು ಅವಳ ಗಂಡನೇ. “ಸುಮ್ನಿರು, ಅಣ್ಣನ ಆರೋಗ್ಯ ಅಲ್ವಾ,” ಎಂದ. ಆ ಹೊತ್ತಿನಲ್ಲಿ ಅವಳ ಕಡೆ ನಿಂತದ್ದು ಅಕ್ಕ ಒಬ್ಬಳೇ. ಅದೂ ಬಾಯಲ್ಲಲ್ಲ, ಕೈಯಲ್ಲಿ. ಮರುದಿನ ಹೆಡ್ಮೇಷ್ಟ್ರು ಹೊರಟಮೇಲೆ ಪೊರಕೆ, ಬಕೆಟ್ಟು ಹಿಡಿದು ಮೇಲೆ ಬಂದು, ಮುರುಕು ಕುರ್ಚಿ, ತುಕ್ಕು ಹಿಡಿದ ಡಬ್ಬಗಳ ಆ ಕೋಣೆಯನ್ನು ಉಜ್ಜಿ ತೊಳೆದು ಕೊಟ್ಟಳು. “ಅವ್ರ ಬಾಯಿ ಹಾಗೆ ಕಣೇ. ಮನಸ್ಸಿಗೆ ಹಚ್ಕೋಬೇಡ,” ಎಂದಳು.

ಸೂಜಿ ಹಚ್ಚಿಕೊಂಡಳು. ಹಚ್ಚಿಕೊಂಡದ್ದಷ್ಟೇ ಅಲ್ಲ, ದಿನಾ ಸಾಣೆ ಹಿಡಿದಳು.

ಕೆಳಗಿನ ಕೋಣೆ ಹೆಡ್ಮೇಷ್ಟ್ರ ಓದುವ ಕೋಣೆಯಾಯಿತು. ಮಂಚವನ್ನೂ ಅಲ್ಲಿಗೇ ತಂದುಕೊಂಡರು. ನೆಲಕ್ಕೆ ಗೋಡೆಯಿಂದ ಗೋಡೆಗೆ ಉಣ್ಣೆಯ ಕಾರ್ಪೆಟ್ಟು. ತಂದೆಯ ಕಾಲದ ಮೆತ್ತನೆ ಸೋಫಾ. ಇಪ್ಪತ್ತು ವರ್ಷದ ಪತ್ರಿಕೆಗಳ ಕಟ್ಟು. ಧೂಳು ಬರಬಾರದೆಂದು ಕಿಟಕಿಗಳಿಗೆ ಅಗುಳಿ. ಪಕ್ಕದ ಬಚ್ಚಲ ಮನೆಯ ಗಾಳಿಗಂಡಿಯಿಂದ ತಣ್ಣನೆ ಗಾಳಿ ಬೀಸುತ್ತದೆಂದು ಅದಕ್ಕೂ ರಟ್ಟು ಬಡಿದು ಮುಚ್ಚಿಸಿದರು. ಆಮೇಲೆ ಹದಿನೈದು ದಿನ ಮಗಳ ಮನೆಗೆ ಹೋಗಿದ್ದಾಗ ಸೀನು ನಿಂತಿತು. ಫೋನಿನಲ್ಲೇ ತೀರ್ಪು ಕೊಟ್ಟರು: “ನೋಡಿದ್ರಾ? ದರ್ಜಿ ಅಂಗಡಿ ಎತ್ತಿದ್ದೇ ಎತ್ತಿದ್ದು, ಮೂಗು ಬೆಳ್ಳಗಾಯ್ತು.”

ವಾಪಸು ಬಂದ ಮೂರನೇ ಬೆಳಿಗ್ಗೆ ಮನೆ ನಡುಗುವ ಹಾಗೆ ಸೀನಿದರು. ತಪ್ಪು ತಮ್ಮ ಕೋಣೆಯದೆಂದು ಒಪ್ಪುವ ಪ್ರಾಣಿಯೇ ಅವರು? ಮೊದಲು ಅಕ್ಕನ ಪೌಡರಿನ ಮೇಲೆ ಹೋಯಿತು, ಆಮೇಲೆ ಅಡುಗೆಮನೆಯ ಒಗ್ಗರಣೆಯ ಮೇಲೆ. ಕೊನೆಗೆ ಮಹಡಿಯ ಮೇಲಿಂದ ಮೆಟ್ಟಿಲಿಳಿದು ದಾರದ ಪುಡಿ ಬರುತ್ತಿದೆ ಎಂದು ಮೆಟ್ಟಿಲ ಬಾಗಿಲಿಗೆ ಪರದೆ ಕಟ್ಟಿಸಿದರು.

ಸೂಜಿಯ ಗಿರಾಕಿಗಳು ಅರ್ಧಕ್ಕರ್ಧ ಕರಗಿದರು. ಮಂಡಿನೋವಿನವರು ಇಪ್ಪತ್ತೆರಡು ಮೆಟ್ಟಿಲು ಹತ್ತುವುದುಂಟೆ? ಬೇಸಿಗೆಯಲ್ಲಿ ತಗಡು ಕಾದು ಕತ್ತರಿ ಹಿಡಿದರೆ ಕೈ ಸುಡುತ್ತಿತ್ತು. ಎರಡು ಬೇಸಿಗೆ ಅಲ್ಲೇ ಬೆಂದಳು. ಬೆಂದಷ್ಟೂ ಒಂದೇ ಮಾತು ಮನಸ್ಸಿನಲ್ಲಿ: ಇವರಿಗೆ ನಾನು ತಿರುಗಿ ಕೊಡಬೇಕು, ಬಡ್ಡಿ ಸಮೇತ ಕೊಡಬೇಕು.

ದಾರಿ ತಾನಾಗಿ ಮೆಟ್ಟಿಲು ಹತ್ತಿ ಬಂತು. ಎರಡನೇ ವರ್ಷದ ಮಳೆಗಾಲದ ಮೊದಲಲ್ಲಿ ಒಬ್ಬ ಡಾಕ್ಟರಮ್ಮ ಏದುಸಿರು ಬಿಡುತ್ತ ಮೇಲೆ ಬಂದರು. ಅಲರ್ಜಿ ಡಾಕ್ಟರಂತೆ, ಎರಡು ಬೀದಿ ಆಚೆ ಕ್ಲಿನಿಕ್ಕು. ಕೈಯಲ್ಲೊಂದು ಬಟ್ಟೆಯ ತಾನು. ಎಷ್ಟು ಒತ್ತಾದ ನೇಯ್ಗೆಯೆಂದರೆ ಸೂಜಿ ಬಾಯಿಟ್ಟು ಊದಿದರೂ ಆಚೆ ಉಸಿರು ಸರಿಯಾಗಿ ಹೋಗಲಿಲ್ಲ.

“ಇದರಲ್ಲಿ ಹಾಸಿಗೆ, ದಿಂಬಿಗೆ ಕವರ್ ಹೊಲೀಬೇಕು. ಚೀಲದ ಹಾಗೆ ಆರೂ ಕಡೆ ಮುಚ್ಚಬೇಕು, ಜಿಪ್ ಇರಬೇಕು. ನನ್ನ ರೋಗಿಗಳಿಗೆ.”

“ಹಾಸಿಗೆಗೆ ಯಾಕೆ ಡಾಕ್ಟ್ರೇ ಜೈಲು?”

ಡಾಕ್ಟರಮ್ಮ ನಕ್ಕು, ಸ್ಟೂಲಿನ ಮೇಲೆ ಕೂತು ಹೇಳಿದರು. ಮನೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತದೆ. ಮನುಷ್ಯನ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ತೇವ ಬೇಕು, ಬೆಚ್ಚಗಿರಬೇಕು. ಹಾಸಿಗೆ, ದಿಂಬು, ಕಾರ್ಪೆಟ್ಟು, ಮೆತ್ತನೆ ಸೋಫಾ ಅಂದರೆ ಅದಕ್ಕೆ ಅರಮನೆ. ಅದು ಕಚ್ಚುವುದಿಲ್ಲ. ಅದರ ಹಿಕ್ಕೆ ಉಸಿರಿಗೆ ಸೇರಿ ಕೆಲವರ ಮೂಗು, ಶ್ವಾಸಕೋಶ ಕೆರಳುತ್ತವೆ.

“ಅಂಥೋರು ಬೆಳಿಗ್ಗೆ ಎದ್ದ ತಕ್ಷಣ ಸೀನ್ತಾರಾ?” ಸೂಜಿ ಮೆಲ್ಲಗೆ ಕೇಳಿದಳು.

“ಅದೇ ಗುರುತು. ರಾತ್ರಿಯಿಡೀ ದಿಂಬಿಗೆ ಮೂಗೊತ್ತಿ ಮಲಗಿರ್ತಾರಲ್ಲ. ಬೇರೆ ಊರಿಗೆ ಹೋದ್ರೆ ಎಷ್ಟೋ ಜನ ಆರಾಮಾಗ್ತಾರೆ.”

“ಬಟ್ಟೆಯ ಜುಂಗಿನಿಂದ ಬರಲ್ವಾ?”

“ಹತ್ತಿರ ಕೂತ್ರೆ ಮೂಗಿಗೆ ಕಿರಿಕಿರಿ ಆಗಬಹುದು. ಅಪರೂಪಕ್ಕೆ ಹತ್ತಿಯ ಧೂಳಿಗೂ ಅಲರ್ಜಿ ಇರುತ್ತೆ, ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ. ಆದ್ರೆ ನಿಮ್ಮ ನೂಲಿಗೆ ಹೆದರಿ ಕಾರ್ಪೆಟ್ ಮೇಲೆ ಮಲಗಿದ್ರೆ, ಕಳ್ಳನ್ನ ಒಳಗಿಟ್ಟು ಬಾಗಿಲು ಹಾಕ್ಕೊಂಡ ಹಾಗೆ.”

ಪರಿಹಾರವನ್ನೂ ಹೇಳಿದರು. ಕಾರ್ಪೆಟ್ಟು ತೆಗೆಯಬೇಕು. ಹಾಸಿಗೆ, ದಿಂಬಿಗೆ ಈ ಕವರು. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ಒಗೆದು ಪೂರ್ತಿ ಒಣಗಿಸಬೇಕು. ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬಚ್ಚಲಿನ ತೇವ ಹೊರಗೆ ಹೋಗಬೇಕು, ಸೋರುವ ಕೊಳವೆ ಇದ್ದರೆ ಸರಿ ಮಾಡಿಸಬೇಕು; ಗೋಡೆಯ ಬೂಷ್ಟೂ ಅಷ್ಟೇ ಕೇಡು.

ಡಾಕ್ಟರಮ್ಮ ಇಳಿದು ಹೋದಮೇಲೆ ಸೂಜಿ ತುಂಬ ಹೊತ್ತು ತಾನಿನ ಮೇಲೆ ಕೈಯಿಟ್ಟುಕೊಂಡು ಕೂತಳು. ಒಂದೊಂದು ಮಾತೂ ಕೆಳಗಿನ ಕೋಣೆಯ ಜಾತಕ ಓದಿದ ಹಾಗಿತ್ತು. ಓಡಿಹೋಗಿ ಹೇಳಿಬಿಡಲೆ? ಹೇಳಿದರೆ ಭಾವ ಏನನ್ನುತ್ತಾರೆ? ‘ನಾನು ವಿಜ್ಞಾನ ಓದಿದವನು’ ಅನ್ನುತ್ತಾರೆ. ಇಲ್ಲವೇ ಗುಟ್ಟಾಗಿ ಹಾಸಿಗೆ ಬದಲಿಸಿ, ಹುಷಾರಾಗಿ, ತಾನೇ ಕಂಡುಹಿಡಿದೆನೆಂದು ಮೆರೆಯುತ್ತಾರೆ.

ಸೂಜಿ ಬಾಯಿಗೆ ಬೀಗ ಹಾಕಿದಳು.

ಆಮೇಲಿನ ನಾಲ್ಕು ತಿಂಗಳು ಅವಳ ಬಾಳಿನಲ್ಲೇ ಸೊಗಸಾದ ಬೆಳಗುಗಳು ಬಂದವು. ಕೆಳಗಿಂದ ಸೀನು ಕೇಳುತ್ತಿತ್ತು, ಮೇಲೆ ಸೂಜಿ ಎಣಿಸುತ್ತಿದ್ದಳು. ಹತ್ತು ದಾಟಿದರೆ ಮಿಷನ್ನು ತಾನಾಗಿ ಓಡುತ್ತಿತ್ತು. ಗೊತ್ತಿಲ್ಲದವರಿಗೆಲ್ಲ ಐವತ್ತು ಕವರು ಹೊಲಿದುಕೊಟ್ಟಳು, ಮನೆಗೆ ಒಂದೂ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ಹೆಡ್ಮೇಷ್ಟ್ರು ನಿವೃತ್ತರಾದರು. ಎಲ್ಲರೂ ಏನಾದರೊಂದು ಉಡುಗೊರೆ ಕೊಟ್ಟರು. ಸೂಜಿ ಅಟ್ಟದ ಮೇಲಿದ್ದ, ಯಾವ ಕಾಲದ್ದೋ ಗಂಟುಗಟ್ಟಿದ ಎರಡು ದಿಂಬು ಇಳಿಸಿದಳು. ಮುಗ್ಗಲು ವಾಸನೆ ಹೋಗಲೆಂದು ಒಂದು ದಿನ ಮಾತ್ರ ಗಾಳಿಗಿಟ್ಟು, ಆ ಹಳೇ ಹತ್ತಿಗೇ ಹೊಸ ಮಖಮಲ್ಲು ಹೊದಿಸಿ, ಅಂಚಿಗೆ ಗೊಂಡೆ ಕಟ್ಟಿದಳು. ಜೊತೆಗೆ ಅದೇ ಬಣ್ಣದ ದಪ್ಪ ಪರದೆ.

“ಪರವಾಗಿಲ್ಲ ಕಣೇ ಸೂಜಿ, ನಿಂಗೂ ಬುದ್ಧಿ ಬಂತು,” ಎಂದು ಹೆಡ್ಮೇಷ್ಟ್ರು ದಿಂಬಿಗೆ ಕೆನ್ನೆಯೊತ್ತಿ ನೋಡಿದರು. “ಎಷ್ಟು ಮೆತ್ತಗಿದೆ!”

“ನಿಮ್ಗೋಸ್ಕರಾನೇ ಭಾವ,” ಎಂದಳು. ಅದು ಸುಳ್ಳೇನಲ್ಲ.

ಈಗ ಅವರು ದಿನವಿಡೀ ಆ ಕೋಣೆಯಲ್ಲೇ. ಸೀನು ಹೋಗಿ ಕೆಮ್ಮು ಬಂತು, ಕೆಮ್ಮಿನ ಬೆನ್ನಿಗೆ ಎದೆಯಲ್ಲಿ ಸಿಳ್ಳೆ. ಮಾತಿನ ಮಧ್ಯೆ ನಿಂತು ಉಸಿರು ಹುಡುಕತೊಡಗಿದರು. ಬೈಯುವುದಕ್ಕೂ ಗಾಳಿ ಸಾಲದಾಯಿತು. ಸೂಜಿಗೆ ಮೊದಮೊದಲು ಅದೂ ಹಬ್ಬವೇ. ಆಮೇಲೆ ಎಣಿಸುವುದನ್ನು ಯಾವಾಗ ನಿಲ್ಲಿಸಿದಳೋ ಅವಳಿಗೇ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಮೆಟ್ಟಿಲು ಹತ್ತಿ ಬಂದು ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತಳು. ಕಣ್ಣ ಸುತ್ತ ಕಪ್ಪು.

“ಮಲಗೋಕೇ ಆಗ್ತಿಲ್ಲ ಕಣೇ ಅವ್ರಿಗೆ. ಗೋಡೆಗೆ ಒರಗಿ ಕೂತಿರ್ತಾರೆ. ನಾನು ದಿನಾ ಎರಡು ಸಲ ಆ ಕಾರ್ಪೆಟ್ ಗುಡಿಸ್ತೀನಿ, ದಿಂಬು ಕೊಡವಿ ಹಾಕ್ತೀನಿ. ಆದ್ರೂ ಜಾಸ್ತಿ ಆಗ್ತಿದೆ. ನನ್ನ ಕೈಯಲ್ಲೇ ಏನೋ ದೋಷ ಇರ್ಬೇಕು.”

ಸೂಜಿಯ ಕಾಲು ಪೆಡಲ್ಲಿನ ಮೇಲೆ ನಿಂತಿತು. ಒಣ ಪೊರಕೆ, ಕೊಡವಿದ ದಿಂಬು. ಅಕ್ಕ ಪ್ರೀತಿಯಿಂದ ದಿನಕ್ಕೆರಡು ಸಲ ಆ ವಿಷವನ್ನೆಬ್ಬಿಸಿ ಗಂಡನ ಮೂಗಿಗೆ ಹಾಕುತ್ತಿದ್ದಾಳೆ. ತಪ್ಪನ್ನೂ ತಾನೇ ಹೊತ್ತುಕೊಳ್ಳುತ್ತಿದ್ದಾಳೆ. ಭಾವನಿಗೆಂದು ತೋಡಿದ ಗುಂಡಿಯಲ್ಲಿ ಅಕ್ಕ ಬಿದ್ದು ಒದ್ದಾಡುತ್ತಿದ್ದಳು.

“ಏಳಕ್ಕ. ಆಟೋ ಕರಿ,” ಎಂದಳು.

ಕ್ಷಮಿಸಿದಳೆಂದು ತಿಳಿಯಬೇಡಿ. ಮೆಟ್ಟಿಲಿಳಿಯುವಾಗಲೇ ಅವಳ ತಲೆಯಲ್ಲಿ ಇನ್ನೊಂದು ಲೆಕ್ಕ ಎದ್ದಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಹಾವು ಬುಟ್ಟಿಯಿಂದ ಹೊರಗೆ ಬರಬೇಕು, ಎಲ್ಲರೂ ನೋಡಬೇಕು.

ಡಾಕ್ಟರಮ್ಮ ಮೊದಲು ಉಸಿರಿಗೆ ಮದ್ದು ಎಳೆಸಿ ಎದೆಯ ಸಿಳ್ಳೆ ಇಳಿಸಿದರು. ನಾಲ್ಕು ದಿನ ಬಿಟ್ಟು ಪರೀಕ್ಷೆಗೆ ಕರೆದರು. ಸೂಜಿ ಗಂಡನನ್ನೂ ರಜೆ ಹಾಕಿಸಿ ಕರೆದೊಯ್ದಳು. “ಅಣ್ಣನ ಆರೋಗ್ಯ ಅಲ್ವಾ,” ಎಂದಳು.

ಹೆಡ್ಮೇಷ್ಟ್ರ ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು, ಪ್ರತಿ ಹನಿಗೊಂದು ಚುಚ್ಚು. ಧೂಳಿನ ಹುಳ, ಬೂಷ್ಟು, ಜಿರಲೆ, ಬೆಕ್ಕಿನ ಹೊಟ್ಟು.

“ಹತ್ತಿಯದೂ ಹಾಕಿ ಡಾಕ್ಟ್ರೇ,” ಎಂದಳು ಸೂಜಿ. “ಮರೀಬೇಡಿ.”

“ಅದೇ ಮುಖ್ಯ,” ಎಂದು ಹೆಡ್ಮೇಷ್ಟ್ರೂ ತಲೆಯಾಡಿಸಿದರು.

ಕಾಲು ಗಂಟೆಯಲ್ಲಿ ಧೂಳಿನ ಹುಳದ ಜಾಗದಲ್ಲಿ ನಾಣ್ಯದಗಲ ಬೊಕ್ಕೆಯೆದ್ದಿತು. ಬೂಷ್ಟಿನ ಜಾಗದಲ್ಲಿ ಅದಕ್ಕಿಂತ ಸ್ವಲ್ಪ ಸಣ್ಣದು. ಹತ್ತಿಯ ಜಾಗ ಇಸ್ತ್ರಿ ಹಾಕಿದ ಹಾಗೆ ನುಣ್ಣಗಿತ್ತು.

“ಹತ್ತಿಗೆ ಏನೂ ಇಲ್ಲ,” ಎಂದರು ಡಾಕ್ಟರಮ್ಮ.

“ಸರಿಯಾಗಿ ಕೇಳಿಸ್ಲಿಲ್ಲ ಡಾಕ್ಟ್ರೇ.”

“ಹತ್ತಿ, ನೂಲು, ಯಾವುದಕ್ಕೂ ಅಲರ್ಜಿ ಇಲ್ಲ ಇವರಿಗೆ.”

“ನಮ್ಮೆಜಮಾನ್ರಿಗೆ ಕಿವಿ ಸ್ವಲ್ಪ ಮಂದ. ಇನ್ನೊಂದ್ಸಲ ಹೇಳಿ.”

ಗಂಡ ನೆಲ ನೋಡಿದ. ಹೆಡ್ಮೇಷ್ಟ್ರು ತಮ್ಮ ಮುಂಗೈಯನ್ನು, ಫೇಲಾದ ಹುಡುಗ ಅಂಕಪಟ್ಟಿ ನೋಡುವ ಹಾಗೆ ನೋಡುತ್ತ ಕೂತರು. ಸೂಜಿಗೆ ಎರಡು ವರ್ಷದಲ್ಲಿ ಮೊದಲ ಸಲ ಎದೆತುಂಬ ಉಸಿರು ಬಂತು. ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ಅವಳೇ ಇಸಿದುಕೊಂಡಳು.

ಮರುದಿನ ಬೆಳಿಗ್ಗೆ ಚೀಟಿ ಹಿಡಿದು ಆ ಕೋಣೆಗೆ ಹೊಕ್ಕಳು. ಗಂಡನನ್ನು ಆಳಿನಂತೆ ಬೆನ್ನ ಹಿಂದೆ ನಿಲ್ಲಿಸಿಕೊಂಡಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೊದಲು ಎರಡೂ ಕಿಟಕಿ ತೆರೆದಳು. ಆಮೇಲೆ ಕಾರ್ಪೆಟ್ಟು ಸುರುಳಿ ಸುತ್ತಿಸಿದಳು.

“ಅದು ಶುದ್ಧ ಉಣ್ಣೆ!” ಎಂದರು ಹೆಡ್ಮೇಷ್ಟ್ರು ಬಾಗಿಲಲ್ಲಿ ನಿಂತು.

“ಹುಳಕ್ಕೂ ಅದೇ ಇಷ್ಟ ಭಾವ. ಡಾಕ್ಟ್ರು ಬರೆದಿದ್ದಾರೆ, ಓದ್ಲಾ?”

ಸೋಫಾ ಹೋಯಿತು. “ಅದು ನಮ್ಮಪ್ಪ ಕೂರ್ತಿದ್ದದ್ದು!”

“ಅವ್ರ ಮೈಯ ಹೊಟ್ಟೂ ಅದ್ರಲ್ಲೇ ಇದೆ. ಓದ್ಲಾ?”

ಪತ್ರಿಕೆಯ ಕಟ್ಟುಗಳು ಬೀದಿಗೆ ಬಿದ್ದವು. ಅಕ್ಕಪಕ್ಕದವರು ಗೇಟಿಗೆ ಬಂದು ನಿಂತರು. ಅವರಲ್ಲಿ ಅಂದು ನಕ್ಕಿದ್ದ ಹೆಂಗಸೂ ಇದ್ದಳು. ಸೂಜಿ ಅವಳಿಗೆ ಕೇಳಲೆಂದೇ ಧ್ವನಿ ಎತ್ತರಿಸಿ ಹೇಳಿದಳು, “ಹತ್ತಿಗೆ ಏನೂ ಇಲ್ವಂತೆ ಕಣ್ರೀ! ಎಲ್ಲಾ ಇವರ ಕೋಣೇದೇ!” ತಾನೇ ಹೊಲಿದ ಮಖಮಲ್ಲಿನ ಪರದೆಯನ್ನು ಒಂದೇ ಎಳೆತಕ್ಕೆ ಕಿತ್ತಳು. ಗೊಂಡೆಯ ದಿಂಬುಗಳನ್ನು ಮಾತ್ರ ಯಾರೂ ನೋಡದ ಹಾಗೆ ಚೀಲಕ್ಕೆ ತುರುಕಿದಳು.

ಬೀರು ಸರಿಸಿದಾಗ ಎಲ್ಲರೂ ಹಿಂದೆ ಸರಿದರು. ಗೋಡೆ ಆಳೆತ್ತರಕ್ಕೆ ಕಪ್ಪಗಿತ್ತು. ಬಚ್ಚಲ ಕೊಳವೆ ಒಳಗೇ ಜಿನುಗಿ, ಮುಚ್ಚಿದ ಗಾಳಿಗಂಡಿಯಿಂದ ಹಬೆಗೆ ಹೋಗಲು ದಾರಿಯಿಲ್ಲದೆ, ಗೋಡೆ ಬೂಷ್ಟು ಹಿಡಿದು ಕೂತಿತ್ತು.

ಕೊಳವೆ ರಿಪೇರಿಯಾಗಿ, ಗೋಡೆ ಕೆರೆದು ಒಣಗಿ, ಸುಣ್ಣವಾಗಲು ಒಂದು ತಿಂಗಳು. ಅಲ್ಲಿಯತನಕ ಭಾವ ಎಲ್ಲಿ ಮಲಗಬೇಕು? ಸೂಜಿ ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದಳು.

“ತಗಡಿನ ಕೋಣೆ ಇದೆಯಲ್ಲ. ಕಾರ್ಪೆಟ್ ಇಲ್ಲ, ತೇವ ಇಲ್ಲ. ಬಿಸಿಲು ಬೇಕಾದಷ್ಟು. ನನ್ನ ಮಿಷನ್ ಕೆಳಗೆ ಬರ್ಲಿ, ಹಾಲ್‌ನಲ್ಲಿಟ್ಕೋತೀನಿ.”

ಬೇಸಿಗೆ ಶುರುವಾಗಿತ್ತು. ಬೇಯಲಿ, ಎರಡು ವರ್ಷದ್ದನ್ನು ಒಂದು ತಿಂಗಳಲ್ಲಿ ಬೇಯಲಿ ಎಂದುಕೊಂಡಳು. ಕಬ್ಬಿಣದ ಮಂಚ, ತೆಳು ಹಾಸಿಗೆ, ಅವಳೇ ಹೊಲಿದ ಕವರು. ಹೆಡ್ಮೇಷ್ಟ್ರು ಇಪ್ಪತ್ತೆರಡು ಮೆಟ್ಟಿಲನ್ನು ಐದು ಸಲ ನಿಂತು ಹತ್ತಿದರು.

ವಾರ ಕಳೆಯಿತು. ಸೂಜಿ ಕೆಳಗಿಂದ ಕಿವಿಗೊಟ್ಟಳು. ಸೀನಿಲ್ಲ. ಎರಡನೇ ವಾರಕ್ಕೆ ಗೊರಕೆ ಕೇಳಿಸಿತು. ಮೂರನೇ ವಾರ ಅವರು ಮೆಟ್ಟಿಲನ್ನು ಒಂದೇ ಉಸಿರಿಗೆ ಇಳಿದು ಬಂದು, ಮುಖ ಅರಳಿಸಿ ಹೇಳಿದರು:

“ಎಂಥಾ ಜಾಗ ಕಣೇ ಅದು! ಗಾಳಿ, ಬೆಳಕು. ಇಷ್ಟು ಒಳ್ಳೇ ಕೋಣೇಲಿ ಎರಡು ವರ್ಷ ಇದ್ದೆ, ಒಂದಿನಾನೂ ಬಾಯಿ ಬಿಟ್ಟು ಹೇಳ್ಲಿಲ್ವಲ್ಲ ನೀನು. ನಾನಿನ್ನು ಅಲ್ಲೇ ಇರ್ತೀನಿ. ಕೆಳಗಿಂದು ನಿಂಗೇ ಇರ್ಲಿ.”

ಸೂಜಿಯ ಮೈಯೆಲ್ಲ ಉರಿಯಿತು. ಕೋಣೆ ಸಿಕ್ಕಿತ್ತು, ಆದರೆ ಗೆದ್ದವರ ಮುಖ ಅವರದಾಗಿತ್ತು. ಶಿಕ್ಷೆಯೆಂದು ಕೊಟ್ಟದ್ದನ್ನು ವರವೆಂದು ಇಸಿದುಕೊಳ್ಳುವವನಿಗೆ ಏನು ತಾನೇ ಮಾಡುವುದು? ತಪ್ಪಾಯಿತು ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ, ಮುಂದೆಯೂ ಬರುವಂತಿರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಅದಾದ ಹದಿನೈದು ದಿನಕ್ಕೆ, ಕೋಣೆಗೆ ಸುಣ್ಣವಾಗಿ ಮಿಷನ್ ಅಲ್ಲಿಗೆ ಬಂದಮೇಲೆ. ಡಾಕ್ಟರಮ್ಮ ಹೊಸ ತಾನು ಕೊಡಲು ಬಂದರು. ಸೂಜಿ ಮುಂದಿನ ಕೋಣೆಯಲ್ಲಿ ಮಿಷನ್ ಮುಂದಿದ್ದಳು, ಅಕ್ಕ ಪಕ್ಕದಲ್ಲಿ ಕೂತು ಶರಟಿಗೆ ಗುಂಡಿ ಹಾಕುತ್ತಿದ್ದಳು.

“ನಿಮ್ಮ ಓರಗಿತ್ತಿ ಜಾಣೆ,” ಎಂದರು ಡಾಕ್ಟರಮ್ಮ ಅಕ್ಕನಿಗೆ. “ಮಳೆಗಾಲದಲ್ಲಿ ಒಂದೇ ಸಲ ಹೇಳಿದ್ದೆ, ಹುಳ, ದಿಂಬು, ಬೂಷ್ಟು ಎಲ್ಲ. ಒಂದಕ್ಷರ ಮರೆತಿಲ್ಲ.”

ಅಕ್ಕನ ಕೈಯ ಸೂಜಿ ಗುಂಡಿಯ ತೂತಿನಲ್ಲೇ ನಿಂತಿತು. ಡಾಕ್ಟರಮ್ಮ ಹೋಗುವತನಕ ಅವಳು ತಲೆಯೆತ್ತಲಿಲ್ಲ.

“ಮಳೆಗಾಲದಲ್ಲೇ ಗೊತ್ತಿತ್ತಾ?”

“ಹೂಂ.”

“ಆ ಮಖಮಲ್ ದಿಂಬು?”

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. “ಗೊತ್ತಿದ್ದೇ ಹೊಲಿದೆ ಅಕ್ಕ. ಅಟ್ಟದ ಮೇಲಿಂದು.”

“ಅವ್ರಿಗೆ ಏನು ಬೇಕಾದ್ರೂ ಮಾಡು. ಅವ್ರು ನಿಂಗೆ ಮಾಡಿದ್ದು ನಾನೇ ಕಣ್ಣಾರೆ ನೋಡಿದೀನಿ,” ಅಕ್ಕ ಶರಟನ್ನು ಮಡಚಿಟ್ಟಳು. “ಗೋಡೆಗೆ ಒರಗಿ ಕೂತೋರ ಬೆನ್ನು ನೀವಿದ್ದು ಯಾರು? ನನ್ನ ಕೈ ದೋಷ ಅಂತ ನಿನ್ನ ಮುಂದೇನೇ ಅತ್ತೆ. ಆಗ್ಲೂ ತಪ್ಪು ನಿಂದಲ್ಲ ಅಂತ ನಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?”

ಎದ್ದು ಒಳಗೆ ಹೋದಳು.

ಭಾವನ ಎದುರು ಎಂದೂ ತಗ್ಗದ ತಲೆ ಅಂದು ತಗ್ಗಿತು. ಅಕ್ಕ ಊಟಕ್ಕೆ ಕರೆಯುತ್ತಿದ್ದಳು, ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಗಂಡ ಏನಾಯಿತೆಂದು ಕೇಳಿದ, ಸೂಜಿ ಹೇಳಲಿಲ್ಲ. ಹೆಡ್ಮೇಷ್ಟ್ರು ಮೇಲಿಂದ ಜೋರಾಗಿ ಪತ್ರಿಕೆ ಓದುವುದು ಕೇಳಿದಾಗೆಲ್ಲ ಹಳೆಯ ಸಿಟ್ಟು ಹಾಗೇ ಬುಸುಗುಟ್ಟುತ್ತಿತ್ತು. ಅವರ ವಿಷಯದಲ್ಲಿ ಅವಳಿಗೆ ಪಶ್ಚಾತ್ತಾಪವಿರಲಿಲ್ಲ. ಇದೆಯೇನೋ ಎಂದು ಹುಡುಕಿಯೂ ನೋಡಿದಳು. ಗಿರಾಕಿಗಳು ವಾಪಸು ಬಂದರು, ಬೀದಿಯವರು ಹೊಗಳಿದರು. ಪಕ್ಕದ ಸ್ಟೂಲು ಮಾತ್ರ ಖಾಲಿಯಿತ್ತು.

ಹದಿನೇಳನೆಯ ದಿನ, ಶನಿವಾರ, ಹಿತ್ತಲಲ್ಲಿ ಅಕ್ಕ ಹಂಡೆಯ ಕುದಿನೀರಿನಿಂದ ದಪ್ಪ ಹೊದಿಕೆಯನ್ನು ಕೋಲಿನಲ್ಲಿ ಎತ್ತುತ್ತಿದ್ದಳು. ಒಬ್ಬಳಿಂದ ಹಿಂಡಲಾಗುವ ಹೊದಿಕೆಯಲ್ಲ. ಸೂಜಿ ಬಾಗಿಲಲ್ಲಿ ನಿಂತಳು. ಹೋಗಬೇಕೋ ಬೇಡವೋ ಗೊತ್ತಾಗಲಿಲ್ಲ.

“ನಿಂತು ನೋಡೋಕೆ ಇದೇನು ನಾಟಕಾನಾ?” ಎಂದಳು ಅಕ್ಕ. ಅವಳ ಕಡೆ ನೋಡಲಿಲ್ಲ, ಒಂದು ತುದಿಯನ್ನು ಮಾತ್ರ ಚಾಚಿದಳು. “ಹಿಡ್ಕೋ. ಬಿಸಿ ಇದೆ.”

ಸೂಜಿ ಹಿಡಿದುಕೊಂಡಳು. ಅಂಗೈ ಸುಟ್ಟಿತು, ಬಿಡಲಿಲ್ಲ. ಅಕ್ಕ ಅತ್ತ ತಿರುಚಿದಳು, ಅವಳು ಇತ್ತ ತಿರುಚಿದಳು. ಕೊಳೆ ನೀರು ಇಬ್ಬರ ಕಾಲ ಮೇಲೂ ಸುರಿಯಿತು.